ಅತ್ತೆ ಕತ್ತರಿಸಿದ ಕೃಷ್ಣಕಮಲ

ಗಿಡ ಬೆಳೆಸುವವರಿಗೆ ತಾಳ್ಮೆ ತಾನಾಗಿ ಬರುತ್ತದೆ ಅನ್ನುತ್ತಾರೆ. ನನ್ನ ಮಟ್ಟಿಗಂತೂ ಅದು ಶುದ್ಧ ಸುಳ್ಳು. ಶಾಲೆಯಲ್ಲಿ ಇಪ್ಪತ್ತೈದು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿಯೂ ಬಾರದ ತಾಳ್ಮೆ ಒಂದು ಬಳ್ಳಿ ನೆಟ್ಟ ಮಾತ್ರಕ್ಕೆ ಎಲ್ಲಿಂದ ಬರಬೇಕು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. "ಅಕ್ಕೋರ ದನಿ ಕೇಳಿತಂದ್ರ ಸಾಲಿ ಬಿಡ್ತು ಅಂತ ತಿಳ್ಕೋಬೇಕು" ಎಂದು ಹಿಂದಿನಿಂದ ಆಡಿಕೊಂಡು ನಗುತ್ತಾರೆ. ಸಿಟ್ಟಿನಲ್ಲಿ ಆಡಿದ್ದು ಹತ್ತು ನಿಮಿಷಕ್ಕೆ ನನಗೇ ಮರೆತುಹೋಗುತ್ತದೆ. ಕೇಳಿಸಿಕೊಂಡವರೂ ಹಾಗೇ ಮರೆಯುತ್ತಾರೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಕೃಷ್ಣಕಮಲದ ಹುಚ್ಚು ನನಗೆ ಹತ್ತಿದ್ದು ಬಾದಾಮಿಯಲ್ಲಿ, ತವರಿನಲ್ಲಿ. ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಸಾಲಿಯ ಹಿಂದಿನ ಗೋಡೆಯ ಮೇಲೆ ಒಂದು ಬಳ್ಳಿ ಹಬ್ಬಿತ್ತು. ಅಕ್ಕೋರು ಒಂದು ಹೂ ಕಿತ್ತು ಅಂಗೈಯಲ್ಲಿಟ್ಟುಕೊಂಡು, ಸುತ್ತಲಿನ ನೇರಳೆ ಎಳೆಗಳು ನೂರು ಮಂದಿ ಕೌರವರು, ಒಳಗಿನ ಐದು ಪಾಂಡವರು, ಎಲ್ಲಕ್ಕಿಂತ ಮೇಲಿನ ಮೂರು ಬ್ರಹ್ಮ ವಿಷ್ಣು ಮಹೇಶ್ವರರು ಎಂದು ತೋರಿಸಿದ್ದರು. ನಾನು ಕೌರವರನ್ನು ಎಣಿಸಲು ಹೋಗಿ ಎಪ್ಪತ್ತಕ್ಕೆ ಸಾಕಾಗಿ ಬಿಟ್ಟಿದ್ದೆ. ಆದರೆ ಆ ಪರಿಮಳ ಮಾತ್ರ ಇಷ್ಟು ವರ್ಷವಾದರೂ ಮೂಗಿನಲ್ಲಿ ಉಳಿದಿತ್ತು. ಇದನ್ನೊಮ್ಮೆ ಪಕ್ಕದ ಮನೆಯ ಆಪಾ ಎದುರು ಬಾಯಿ ತಪ್ಪಿ ಅಂದಿದ್ದೆ.

ಆಪಾ ಅವರದು ಹಳೇ ಬಾಗಲಕೋಟೆ ಮುಳುಗಡೆಯಾದಾಗ ಎದ್ದು ಬಂದ ಕುಟುಂಬ. ನಾವು ನೌಕರಿಗೆಂದು ಬಂದು ಇಲ್ಲೇ ಮನೆ ಕಟ್ಟಿಕೊಂಡವರು. ಇಬ್ಬರ ನಡುವೆ ಎದೆಮಟ್ಟದ ಒಂದು ಗೋಡೆ. ನಮ್ಮ ಅರ್ಧ ಸಂಸಾರ ಆ ಗೋಡೆಯ ಮೇಲೇ ನಡೆಯುತ್ತದೆ. ಆಪಾ ಇಳಕಲ್ಲಿನ ತಂಗಿಯ ಮನೆಗೆ ಹೋದವರು ಬರುವಾಗ ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿ ಆ ಬಳ್ಳಿಯ ಎರಡು ಕಡ್ಡಿ ತಂದರು. ಹುನಗುಂದದ ಹತ್ತಿರ ಬಸ್ಸು ಕೆಟ್ಟು ಒಂದು ತಾಸು ನಿಂತಿತಂತೆ. ಆ ಬಿಸಿಲಲ್ಲಿ ತಾವು ಕುಡಿಯುವ ನೀರನ್ನೇ ಡಬ್ಬಿಗೆ ಚಿಮುಕಿಸುತ್ತ ಕೂತಿದ್ದರಂತೆ.

"ಇದಕ್ಕ ನಾವು ಘಡಿ ಹೂ ಅಂತೀವ್ರಿ ಅಕ್ಕೋರ. ನಡುವ ಗಡಿಯಾರದ ಮುಳ್ಳು ಇದ್ದಂಗ ಇರ್ತಾವಲ್ಲ, ಅದಕ್ಕ. ಮದ್ಲ ನೆಳ್ಳಾಗ ಇಡ್ರಿ, ಬೇರು ಬಿಡಾಕ ತಿಂಗಳ ಬೇಕು. ಕೈ ಹಚ್ಚಬ್ಯಾಡ್ರಿ."

ನಾನು ಕೈ ಹಚ್ಚದೆ ಬಿಡುವವಳೆ? ನಾಲ್ಕು ದಿನಕ್ಕೊಮ್ಮೆ ಮೆಲ್ಲಗೆ ಕಿತ್ತು ಬೇರು ಬಂತೋ ಇಲ್ಲವೋ ನೋಡಿ ಮತ್ತೆ ಚುಚ್ಚುತ್ತಿದ್ದೆ. ಮೂರನೇ ವಾರಕ್ಕೆ ಒಂದು ಕಡ್ಡಿ ಕೊಳೆಯಿತು. ಇನ್ನೊಂದನ್ನು ಆಪಾ ಕುಂಡದ ಸಮೇತ ಎತ್ತಿಕೊಂಡು ಹೋಗಿ ತಮ್ಮ ಕಡೆ ಇಟ್ಟುಕೊಂಡರು. ಎರಡು ತಿಂಗಳಾದ ಮೇಲೆ ಆರು ಎಲೆ ಬಿಟ್ಟ ಗಿಡವನ್ನು ಗೋಡೆಯ ಮೇಲಿಂದ ವಾಪಸು ಕೊಟ್ಟರು.

ನಮ್ಮ ಕಡೆಯ ನೆಲ ಬರೀ ಗರಸು, ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಮೊಳಕಾಲುದ್ದ ತೆಗ್ಗು ತೋಡಿಸಿ, ಕೆಂಪು ಮಣ್ಣು ತರಿಸಿ ತುಂಬಿ, ಗೋಡೆಯಿಂದ ಮಾಳಿಗೆಯ ತನಕ ತಂತಿ ಕಟ್ಟಿಸಿ ಅದನ್ನು ನೆಟ್ಟೆ. ಬೇಸಿಗೆಯಲ್ಲಿ ಹಳೇ ಸೀರೆ ಅಡ್ಡ ಕಟ್ಟಿ ನೆರಳು ಮಾಡಿದೆ. ನಲ್ಲಿಗೆ ನೀರು ಬಾರದ ದಿನ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಅದರ ಬುಡಕ್ಕೇ. ಸೆಗಣಿ ಗೊಬ್ಬರ, ಶೇಂಗಾ ಹಿಂಡಿ ಹಾಕಿದೆ. ಬಳ್ಳಿ ಗೋಡೆ ದಾಟಿತು, ಕಿಟಕಿಯ ಸರಳು ಹಿಡಿಯಿತು, ಮಾಳಿಗೆ ಹತ್ತಿತು. ಕಿತ್ತಳೆ ಬಣ್ಣದ ಚಿಟ್ಟೆಗಳು ಬಂದು ಮೊಟ್ಟೆ ಇಟ್ಟವು, ಮೈತುಂಬ ಮುಳ್ಳಿನ ಹುಳುಗಳು ಎಲೆ ತಿಂದವು. ಸಾಲಿಯಿಂದ ಬಂದು ಚೀಲ ಇಡುವ ಮೊದಲು ಒಂದು ಕಡ್ಡಿ ಹಿಡಿದು ಹುಳ ಉದುರಿಸುವುದು ನನ್ನ ನಿತ್ಯದ ಕೆಲಸವಾಯಿತು. ಎಲ್ಲ ಆಯಿತು, ಹೂ ಮಾತ್ರ ಇಲ್ಲ.

"ಇಷ್ಟು ಗೊಬ್ಬರ ಹಾಕಿದ್ರ ಅದು ಎಲಿ ಬಿಟ್ಕೋತ ಆರಾಮ ಕುಂದರ್ತೈತ್ರಿ" ಎಂದರು ಆಪಾ. "ಹೂ ಬಿಡಾಕ ಅದಕ್ಕೇನ ಗರಜು ಐತಿ? ಒಂದೀಟು ಕಡಿಮಿ ಮಾಡ್ರಿ."

ದಸರೆಯಿಂದ ಗೊಬ್ಬರ ನಿಲ್ಲಿಸಿದೆ. ನೀರನ್ನೂ ಅಳತೆಯಲ್ಲಿ ಹಾಕಿದೆ. ನೆಟ್ಟ ಮೇಲೆ ಎರಡು ಮಳೆಗಾಲ ಕಳೆದು, ಹೋಳಿ ಹುಣ್ಣಿಮೆಯ ಹೊತ್ತಿಗೆ ಎಲೆಯ ಸಂದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು ಕಂಡವು. ಹನ್ನೊಂದು ಇದ್ದವು. ನಾನು ಆ ವಾರವೆಲ್ಲ ಸಾಲಿಯಲ್ಲಿ ಯಾರಿಗೂ ಬೈಯಲಿಲ್ಲ ಎಂದು ಸಹೋದ್ಯೋಗಿಗಳು ಹೇಳಿದರು.

ಅದೇ ವಾರ ನಮ್ಮ ಅತ್ತೆ ಬಂದರು. ಅವರು ಗುಳೇದಗುಡ್ಡದವರು. ಹನ್ನೆರಡನೇ ವಯಸ್ಸಿನಿಂದ ಕುಣಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗದಲ್ಲಿ, ಕುಪ್ಪಸದ ಖಣ ನೇಯ್ದವರು. ಆ ಮನೆಯಲ್ಲಿ ನನ್ನ ಮೈದುನ ಸಂಸಾರ ಹೂಡಿದ್ದಾನೆ. ಹಳೇ ಮಾಳಿಗೆ ಸೋರುತ್ತಿತ್ತೆಂದು ತೆಗೆಸಿ ಸ್ಲ್ಯಾಬು ಹಾಕಿಸುತ್ತಿದ್ದ. ಧೂಳು ತಾಗದಂತೆ ಮಗ್ಗಕ್ಕೆ ಚಾದರ ಹೊದಿಸಿ, ಎರಡು ತಿಂಗಳ ಮಟ್ಟಿಗೆಂದು ಅವ್ವನನ್ನು ನಮ್ಮಲ್ಲಿ ಬಿಟ್ಟುಹೋದ.

ಬಂದ ದಿನದಿಂದ ಅತ್ತೆಗೆ ಒಂದೇ ಧ್ಯಾನ. "ಅರ್ಧ ಹಾಸು ಮಗ್ಗದ ಮ್ಯಾಲ ಹಂಗ ಐತಿ" ಎನ್ನುವರು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು ಹಾಸು. ಅದನ್ನು ಅರ್ಧಕ್ಕೆ ಬಿಟ್ಟು ಏಳುವುದೆಂದರೆ ಅವರಿಗೆ ಒಲೆಯ ಮೇಲೆ ಅನ್ನ ಬಿಟ್ಟು ಊರಿಗೆ ಹೋದ ಹಾಗೆ. ಸುಮ್ಮನೆ ಕೂರಲಾರದ ಜೀವ ಅದು. ಬೆಳಗ್ಗೆ ಲಿಂಗಪೂಜೆ ಮುಗಿಸಿದರೆ ಆಯಿತು, ಕೆಲಸ ಕೊಡು ಎಂದು ನನ್ನ ಹಿಂದೆ ಬೀಳುವರು. ಬಳ್ಳಿಗೆ ನೀರು ಹಾಕುವ ಕೆಲಸ ಕೊಟ್ಟೆ.

ಒಂದು ಸಂಜೆ ಸಾಲಿಯಿಂದ ಬಂದು ನೋಡುತ್ತೇನೆ, ಬಳ್ಳಿ ಏನೋ ಬೋಳು ಬೋಳಾಗಿದೆ. ಹತ್ತಿರ ಹೋದೆ. ಕೃಷ್ಣಕಮಲಕ್ಕೆ ಪ್ರತಿ ಎಲೆಯ ಬುಡದಲ್ಲೂ ದಾರದಂಥ ಹಸಿರು ಎಳೆಯೊಂದು ಹೊರಟು, ಸಿಕ್ಕಿದ್ದಕ್ಕೆ ಸುತ್ತಿಕೊಂಡು, ಬಳ್ಳಿಯನ್ನು ಮೇಲೆ ಎಳೆದುಕೊಳ್ಳುತ್ತದೆ. ಬುಡದಿಂದ ಅತ್ತೆಯ ಕೈ ನಿಲುಕುವಷ್ಟು ಎತ್ತರದ ತನಕ ಒಂದೇ ಒಂದು ಎಳೆ ಉಳಿದಿರಲಿಲ್ಲ. ಎಲ್ಲ ಕಾಂಡಕ್ಕೆ ಸಮನಾಗಿ, ನೀಟಾಗಿ ಕತ್ತರಿಸಿತ್ತು. ಎಳೆಗಳ ಜೊತೆ ಮೊಗ್ಗೂ ಹೋಗಿದ್ದವು. ಕೆಳಗೆ ಕಸಬರಿಗೆಯಿಂದ ಗುಡಿಸಿ ಮಾಡಿದ ಸಣ್ಣ ಗುಂಪಿಯಲ್ಲಿ ಅವು ಬಿದ್ದಿದ್ದವು. ಅತ್ತೆ ತಮ್ಮ ಸಣ್ಣ ಕತ್ತರಿ ಹಿಡಿದು ಪಕ್ಕದಲ್ಲೇ ನಿಂತಿದ್ದರು, ಮುಖದ ತುಂಬ ಖುಷಿ.

"ಏಟ ಎಳಿ ಜೋತಾಡಾಕ ಹತ್ತಿದ್ವು ಯವ್ವಾ. ಎಲ್ಲಾ ಸವರಿ ಒಪ್ಪ ಮಾಡೇನಿ ನೋಡು."

ಖಣ ಮಗ್ಗದಿಂದ ಇಳಿದ ಮೇಲೆ ಜೋತ ಎಳೆಗಳನ್ನು ಕತ್ತರಿಯಿಂದ ಸವರಿ ತೆಗೆಯದೆ ಅವರು ಯಾರಿಗೂ ತೋರಿಸಿದವರಲ್ಲ. ಅರವತ್ತು ವರ್ಷದ ಕೈ ಅದು, ಎಳೆ ಜೋತಿದ್ದು ತಾಗಿದರೆ ಕತ್ತರಿ ಹುಡುಕುತ್ತದೆ. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಕಂಡದ್ದು ನೆಲದ ಮೇಲಿನ ಮೊಗ್ಗು ಮಾತ್ರ.

"ಗಿಡ ಯಾವ್ದು ಖಣ ಯಾವ್ದು ಅಂತ ತಿಳಿಯಂಗಿಲ್ಲೇನ್ರಿ ನಿಮಗ?" ಎಂದು ಕಿರುಚಿದೆ. "ಎರಡ ವರ್ಷ ಕೂಸಿನಂಗ ಸಾಕೇನಿ! ನಾಳಿಯಿಂದ ಈ ಮನ್ಯಾಗ ಯಾವ್ದನ್ನೂ ಮುಟ್ಟಬ್ಯಾಡ್ರಿ. ಏನೇನೂ ಮುಟ್ಟಬ್ಯಾಡ್ರಿ!"

ಅತ್ತೆ ಕತ್ತರಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದರು. ಎಂದಿನಂತೆ ನನ್ನ ಸಿಟ್ಟು ಹತ್ತು ನಿಮಿಷಕ್ಕೆ ಇಳಿಯಿತು. ಚಹಾ ಮಾಡಿ ಅವರ ಮುಂದೆ ಇಟ್ಟೆ. ಅವರು ಕುಡಿಯಲಿಲ್ಲ.

ಮರುದಿನದಿಂದ ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಯಾವುದನ್ನೂ ಮುಟ್ಟಲಿಲ್ಲ. ಮೊದಲೆಲ್ಲ ಗೋಡೆ ಸವರುತ್ತ, ಬಾಗಿಲ ಚೌಕಟ್ಟು ಹಿಡಿದು, ಕುರ್ಚಿಯ ಬೆನ್ನು ತಡವುತ್ತ ಓಡಾಡುತ್ತಿದ್ದವರು ಈಗ ಎರಡೂ ಕೈ ಎದೆಗೆ ಕಟ್ಟಿಕೊಂಡು ನಡೆದರು. ಹೊಸ್ತಿಲು ಎಡವಿದರು. ನೀರಿನ ಕೊಡ ಒದ್ದರು. ತಾಟಿನ ಪಕ್ಕದಲ್ಲಿ ಕೈ ಇಟ್ಟುಕೊಂಡು ರೊಟ್ಟಿಗೆ ಕಾಯ್ದರು. ಇದು ನನ್ನ ಮೇಲಿನ ಹಟ ಎಂದುಕೊಂಡೆ. ಹಟಕ್ಕೆ ಹಟ ಎಂದು ನಾನೂ ಮುಖ ಗಂಟು ಹಾಕಿಕೊಂಡೇ ಇದ್ದೆ. ಹೀಗೆ ಐದು ದಿನ ಹೋಯಿತು.

ಆರನೇ ದಿನ ಆಪಾ ಗೋಡೆಯ ಹತ್ತಿರ ಕರೆದರು. ಯಾವತ್ತೂ ನಗುವ ಮುಖ ಅವತ್ತು ಬಿಗಿದುಕೊಂಡಿತ್ತು.

"ಅಕ್ಕೋರ, ನಾ ನಿಮ್ಮ ಮನಿ ಆಯಿಗೆ ಮಾತ ಕೊಟ್ಟಿದ್ನಿ, ಯಾರಿಗೂ ಹೇಳಂಗಿಲ್ಲ ಅಂತ. ಇವತ್ತ ಮಾತ ಮುರೀತೇನಿ. ಅವರಿಗೆ ಕಣ್ಣು ಕಾಣಂಗಿಲ್ರಿ. ಬಂದ ಮರುದಿನಾನ ನನಗ ಗೊತ್ತಾತು. ನೀರ ಹಾಕಾಕ ಬಂದ್ರ ಮದ್ಲ ಕೈಲೆ ಬುಡ ಹುಡುಕ್ತಿದ್ರು. ಕೈಲೆ ಮುಟ್ಟಿ ಮುಟ್ಟಿ ಮನಿ ಎಲ್ಲಾ ಪಾಠ ಮಾಡ್ಕೊಂಡಿದ್ರು. ನೀವು ಮುಟ್ಟಬ್ಯಾಡ್ರಿ ಅಂದ್ರೆಲ್ಲ, ನಾ ಇಲ್ಲೇ ಅರಬಿ ಒಣಗಿಸಾಕ ನಿಂತಿದ್ನಿ."

ಒಳಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಮುಂದೆ ಕೂತು ಆ ಎರಡು ಕೈಗಳನ್ನು ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಮನೆಗಳಲ್ಲಿ ಸೊಸೆ ಅತ್ತೆಯ ಹತ್ತಿರ ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳುವ ರೂಢಿ ಇಲ್ಲ. ನಾನು ಹೇಳಿದೆ.

"ಎಂದಿನಿಂದರಿ?" ಎಂದು ಕೇಳಿದೆ.

"ಎರಡ ವರ್ಷಾತು. ಮದ್ಲ ಬಾಜೂಕಿಂದು ಹೋತು. ಈಗ ನಡುವ ಒಂದೀಟು ಮಬ್ಬ ಮಬ್ಬ ಕಾಣ್ತೈತಿ" ಎಂದರು. ಆಮೇಲೆ ನನ್ನ ಕೈ ಬಿಗಿಯಾಗಿ ಹಿಡಿದರು. "ನಿನ್ನ ಮೈದುನಗ ಹೇಳಬ್ಯಾಡ. ಕುಣಿ ಮುಚ್ಚಿ ಫರಸಿ ಕಲ್ಲ ಹಾಸ್ತೇನಿ ಅಂತ ಹೆಂಗೂ ಒಂಟಿಗಾಲ ಮ್ಯಾಲ ನಿಂತಾನ. ಕಣ್ಣಿಲ್ಲ ಅಂತ ಗೊತ್ತಾದ್ರ ಮುಗೀತು. ಅರ್ಧ ಹಾಸು ಕತ್ತರಿಸಿ ಒಗೀತಾನ."

ಆಪಾ ಮತ್ತು ನಾನು ಅವರನ್ನು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡದಿಂದ ಆದದ್ದು, ಹೋದ ನೋಟ ಮರಳಿ ಬರುವುದಿಲ್ಲ, ಹನಿ ತಪ್ಪಿಸದೆ ಹಾಕಿದರೆ ಉಳಿದದ್ದನ್ನು ಕಾಪಾಡಬಹುದು ಎಂದರು ಡಾಕ್ಟರು. ನಮ್ಮ ಮನೆಯವರಿಗೆ ಹೇಳದೆ ಇರಲಾಗಲಿಲ್ಲ. ಅವರು ತಾಯಿಯ ಮುಖ ನೋಡಿ, "ಇನ್ನ ಮಗ್ಗ ಸಾಕು ಬಿಡವ್ವಾ. ಕುಣ್ಯಾಗ ಇಳಿಯುವಾಗ ಬಿದ್ದಿ ಅಂದ್ರ?" ಎಂದರು. ಅತ್ತೆ ನನ್ನ ಕಡೆ ತಿರುಗಿದರು. ನನಗೂ ಅದೇ ಸರಿ ಅನ್ನಿಸಿತ್ತು.

ಅಂದಿನಿಂದ ನಾನು ಬೇರೆ ಮನುಷ್ಯಳಾದೆ. ಬೆಳಗ್ಗೆ ಸಂಜೆ ಹನಿ ಹಾಕುವುದು, ತಾಟಿನಲ್ಲಿ ರೊಟ್ಟಿ ಮುರಿದು ಇಡುವುದು, ಮೆತ್ತಗೆ ಮಾತಾಡುವುದು. ಎಷ್ಟು ಮೆತ್ತಗೆ ಎಂದರೆ, ನಿನಗೆ ಮೈಯಲ್ಲಿ ಹುಷಾರಿಲ್ಲವೇನು ಎಂದು ಮನೆಯವರು ಎರಡು ಸಲ ಕೇಳಿದರು. ಅತ್ತೆ ಏನು ಮಾಡಿದರೂ ಚಂದ, ಏನು ಹೇಳಿದರೂ ಹೌದು ಹೌದು. ನಾನು ಮಾಡಿದ ತಪ್ಪಿಗೆ ಇದೇ ಪ್ರಾಯಶ್ಚಿತ್ತ ಎಂದು ನನ್ನಷ್ಟಕ್ಕೆ ಹಿಗ್ಗಿನಲ್ಲೂ ಇದ್ದೆ.

ಬೇಸಿಗೆ ರಜೆ ಶುರುವಾಗಿ ಹದಿನೈದು ದಿನಕ್ಕೆ ಅಡ್ಡಮಳೆ ಬಂತು. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಮನೆಯ ತಗಡು ಹಾರಿಸುವಂಥದ್ದು. ಕೆಳಗೆ ಹಿಡಿದುಕೊಳ್ಳಲು ಎಳೆಗಳೇ ಇಲ್ಲದ ಬಳ್ಳಿ ಮೇಲಿನ ಎಳೆಗಳನ್ನೂ ಹರಿದುಕೊಂಡು ತಂತಿಯಿಂದ ಕಳಚಿ ಅಷ್ಟೂ ಅಂಗಳಕ್ಕೆ ಬಿತ್ತು. ಕತ್ತರಿಸಿದ ಕಡೆ ಎಳೆ ಮತ್ತೆ ಹುಟ್ಟುವುದಿಲ್ಲ, ಹೊಸ ಕುಡಿಯಲ್ಲಿ ಮಾತ್ರ ಬರುತ್ತದೆ. ಹಳೆಯ ಕಾಂಡವನ್ನು ನಾವೇ ಗೇಣಿಗೊಂದು ಕಡೆ ಕಟ್ಟಬೇಕು. ನಾನು ಸುತಳಿ ತಂದು ಕಟ್ಟಲು ಕೂತೆ. ಒಂದು ಕಟ್ಟಿದರೆ ಇನ್ನೊಂದು ಜಾರುತ್ತಿತ್ತು, ಎರಡು ಎಳೇ ರೆಂಬೆ ಕೈಯಲ್ಲೇ ಮುರಿದವು. ಅತ್ತೆ ಕಟ್ಟೆಯ ಮೇಲೆ ಕೂತು ಆ ಸಪ್ಪಳ ಕೇಳುತ್ತಿದ್ದರು.

"ಸುತಳಿ ಬ್ಯಾಡ, ಮೈ ಕೊರೀತೈತಿ. ಹಳೇ ಧೋತ್ರದ ಪಟ್ಟಿ ಹರಿ" ಎಂದರು. "ತಾ ಇಲ್ಲಿ."

ಅವರು ಎದ್ದು ಬಂದರು. ಬಳ್ಳಿಯನ್ನು ಬುಡದಿಂದ ತುದಿಯ ತನಕ ಬೆರಳಿನಿಂದ ಓದಿದರು. ಯಾವುದು ಕಾಂಡ, ಯಾವುದು ಕವಲು, ಯಾವುದು ಯಾವುದರ ಮೇಲೆ ಹೊರಳಿದೆ ಎಂದು ಅರ್ಧ ತಾಸಿನಲ್ಲಿ ಬೇರ್ಪಡಿಸಿದರು. ಕಣ್ಣಿದ್ದ ನನಗೆ ಅದು ಬರೀ ಹಸಿರು ಗೋಜಲು. ಮಗ್ಗದ ಮೇಲೆ ಹಳೇ ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಬೆರಳು ಜಾರದಿರಲಿ ಎಂದು ಬೂದಿ ಮುಟ್ಟಿಕೊಳ್ಳುತ್ತಾರೆ. ಅತ್ತೆ ಇಲ್ಲೂ ಬೂದಿ ಕೇಳಿದರು. ಗ್ಯಾಸಿನ ಒಲೆಯ ನಮ್ಮ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಆಪಾ ತಮ್ಮ ನೀರು ಕಾಯಿಸುವ ಒಲೆಯಿಂದ ಒಂದು ಮುಷ್ಟಿ ಗೋಡೆ ದಾಟಿಸಿದರು. ನಾನು ಬಳ್ಳಿ ಎತ್ತಿ ಹಿಡಿಯುವುದು, ಅವರು ಕಟ್ಟುವುದು. ಎರಡು ದಿನದಲ್ಲಿ ಬಳ್ಳಿ ಮತ್ತೆ ಮಾಳಿಗೆ ಮುಟ್ಟಿತು.

ಹತ್ತು ದಿನ ಕಳೆದ ಮೇಲೆ ಎಡಗಡೆಯ ಒಂದು ದೊಡ್ಡ ಕವಲು ಬಾಡತೊಡಗಿತು. ನೋಡಿದರೆ ಬುಡದಲ್ಲಿ ಅತ್ತೆ ಹಾಕಿದ ಗಂಟು ಬಿಗಿಯಾಗಿ, ತೊಗಟೆ ಕತ್ತರಿಸಿ, ಮೇಲೆ ನೀರೇ ಹತ್ತಿರಲಿಲ್ಲ. ಅದರಲ್ಲಿ ನಾಲ್ಕು ಹೊಸ ಮೊಗ್ಗು ಇದ್ದವು. ನನ್ನ ಹಳೇ ಸಿಟ್ಟು ಗಂಟಲಿನ ತನಕ ಬಂತು, ನುಂಗಿಕೊಂಡೆ. ಅಷ್ಟರಲ್ಲಿ ಅತ್ತೆ ಕಟ್ಟೆಯ ಮೇಲಿಂದ ಕೇಳಿದರು.

"ಹೆಂಗೈತಿ? ಎಲ್ಲಾ ಹಿಡಿದಾವೇನು?"

"ಎಲ್ಲಾ ಹಿಡಿದಾವ್ರಿ ಅತ್ತೀ. ಭಾಳ ಚಂದ ಕಟ್ಟೀರಿ" ಎಂದೆ, ನನ್ನ ಹೊಸ ಮೆತ್ತಗಿನ ದನಿಯಲ್ಲಿ.

ಅವರು ಎದ್ದು ಬಂದರು. ಎಡಗಡೆಯ ಕವಲನ್ನೇ ಹಿಡಿದು ಎಲೆ ಮುರುಟಿದರು. ಅದು ಹಪ್ಪಳದ ಹಾಗೆ ಪುಡಿಯಾಯಿತು. ಬೆಳಗ್ಗೆಯೇ ಅವರಿಗೆ ಅದು ಗೊತ್ತಾಗಿತ್ತು. ನನ್ನನ್ನು ಪರೀಕ್ಷೆ ಮಾಡಲು ಕೇಳಿದ್ದರು.

"ಇದೇನು?" ಎಂದರು. "ಅವತ್ತ ನೀ ಬೈದಾಗ ನನಗ ಸಂಕಟ ಆಗಿತ್ತು, ಖರೆ. ಐದ ದಿನ ಅನ್ನ ಸೇರಲಿಲ್ಲ. ಆದ್ರ ಬೈಸ್ಕೊಳ್ಳಾಕ ಲಾಯಕ್ಕ ಮನುಷ್ಯಾಳು ಅಂತ ತಿಳಕೊಂಡು ಬೈದಿದ್ದಿ. ಈಗ ಕೂಸಿಗೆ ಹೇಳಿದಂಗ ಹೇಳಾಕ ಹತ್ತೀದಿ. ಏನ ಮಾಡಿದ್ರೂ ಚಂದ, ಏನ ಮಾಡಿದ್ರೂ ಚಂದ! ನನ್ನ ಕೈ ತಪ್ಪೈತಿ ಅಂತ ಹೇಳಾವರ ಇಲ್ಲಂದ ಮ್ಯಾಲ ನಾ ಇನ್ನ ಯಾಕ ಕೈ ಆಡಸಲಿ ಯವ್ವಾ? ನೀ ಒಬ್ಬಾಕೆರ ಖರೆ ಹೇಳ್ತಿ ಅಂದ್ಕೊಂಡಿದ್ನಿ. ನಿನ್ನ ಬಾಜೂಕ ಕುಂದರಿಸ್ಕೊಂಡು ಆ ಹಾಸು ಮುಗಸೂಣು ಅಂದ್ಕೊಂಡಿದ್ನಿ."

ನನ್ನ ಕಣ್ಣಲ್ಲಿ ನೀರು ಬಂತು. ಅವರ ಮುಂದೆ ಅಳಬಾರದೆಂದು ಸೆರಗು ಕಚ್ಚಿದೆ. ಕಾಣುವುದಿಲ್ಲವೆಂದು ಮತ್ತೆ ಮೋಸ ಮಾಡುತ್ತಿದ್ದೇನಲ್ಲ ಅನ್ನಿಸಿ ಸೆರಗು ಬಿಟ್ಟೆ, ಬಿಕ್ಕಿದೆ. ಆಮೇಲೆ ಮೂಗು ಒರೆಸಿಕೊಂಡು ನನ್ನ ಸ್ವಂತ ದನಿಯಲ್ಲಿ ಹೇಳಿದೆ:

"ಎಡಗಡೆ ಕವಲು ಸತ್ತೈತ್ರಿ. ಇಷ್ಟ ಬಿಗಿ ಗಂಟ ಯಾರರ ಹಾಕ್ತಾರೇನ್ರಿ? ನಾಕ ಮೊಗ್ಗಿ ಹೋದ್ವು! ಬಲಗಡಿದೂ ಎರಡ ಗಂಟ ಬಿಗಿ ಅದಾವ, ಈಗ ಸಡ್ಲ ಮಾಡ್ರಿ. ಬರ್ರಿ, ಇಲ್ಲಿ ಕೈ ಕೊಡ್ರಿ."

ಗೋಡೆಯಾಚೆ ಆಪಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದು ಕೇಳಿಸಿತು. ಅತ್ತೆ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಕೈ ಕೊಟ್ಟರು. ಸತ್ತ ಕವಲನ್ನು ಅವರೇ ಕತ್ತರಿಸಿ ತೆಗೆದರು. ಉಳಿದ ಗಂಟುಗಳನ್ನೆಲ್ಲ ಬಿಚ್ಚಿ, ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದರು. ಒಂದೊಂದಕ್ಕೂ ನಾನು ಹೌದು, ಇಲ್ಲ, ಇನ್ನೊಂದೀಟು ಎಂದು ಹೇಳುತ್ತ ನಿಂತೆ. ಆ ಮಧ್ಯಾಹ್ನ ಎರಡು ಸಲ ಜಗಳವೂ ಆಯಿತು.

ಜೂನಿನಲ್ಲಿ ಮಿರ್ಗದ ಮಳೆ ಬಿದ್ದ ವಾರ ಮೊದಲನೇ ಹೂ ಬಿಟ್ಟಿತು. ಬೆಳಗಿನ ಹತ್ತರ ಸುಮಾರಿಗೆ ಅರಳತೊಡಗಿ ಹನ್ನೊಂದಕ್ಕೆ ಪೂರ್ತಿ ತೆರೆಯಿತು. ಪರಿಮಳಕ್ಕೆ ಆಪಾ ಗೋಡೆಗೆ ಬಂದು ನಿಂತರು. ಅತ್ತೆಯನ್ನು ಹೂವಿನ ಹತ್ತಿರ ನಿಲ್ಲಿಸಿದೆ. ನೇರಳೆ ಬಣ್ಣ ಒಂದಿಷ್ಟು ಮಬ್ಬಾಗಿ ಕಂಡಿತಂತೆ. ಆಮೇಲೆ ಎರಡು ಬೆರಳಿನಿಂದ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಸರಿಸುತ್ತ, ತುಟಿ ಅಲುಗಿಸುತ್ತ, ಪೂರ್ತಿ ಒಂದು ಸುತ್ತು ಎಣಿಸಿದರು. ಒಂದು ಎಳೆಯನ್ನೂ ಮುರಿಯಲಿಲ್ಲ.

"ನೂರಿಲ್ಲ" ಎಂದರು. "ಕೌರವರು ಕಡಿಮಿ ಬಿದ್ದಾರ. ಆದ್ರ ನೇಯ್ಗಿ ಚಲೋ ಐತಿ."

ಆಪಾ ಬಿದ್ದು ಬಿದ್ದು ನಕ್ಕರು. ಸಂಜೆಗೆ ಹೂ ಮುಚ್ಚಿಕೊಂಡಿತು. ಒಂದೇ ದಿನದ ಹೂವಿಗೆ ಎರಡು ವರ್ಷ ಬಡಿದಾಡಿದೆಯಲ್ಲ ಎಂದು ಮನೆಯವರು ಅಂದರು. ನನ್ನ ತಲೆಯಲ್ಲಿ ಮಾತ್ರ ಆ ಅರ್ಧ ಹಾಸು ಓಡುತ್ತಿತ್ತು.

ಮುಂದಿನ ಐತವಾರ ಅತ್ತೆಯನ್ನು ಕರೆದುಕೊಂಡು ಗುಳೇದಗುಡ್ಡಕ್ಕೆ ಹೋದೆ. ಸ್ಲ್ಯಾಬು ಮುಗಿದಿತ್ತು. ಅಂಗಳದಲ್ಲಿ ಫರಸಿ ಕಲ್ಲು ಬಂದು ಬಿದ್ದಿದ್ದವು, ಕುಣಿ ಮುಚ್ಚಲು ಮಣ್ಣಿನ ಗುಂಪಿಯೂ ಇತ್ತು. ಮೈದುನನಿಗೆ ಕಣ್ಣಿನ ಸುದ್ದಿಯನ್ನು ನಾನೇ ಹೇಳಿದೆ, ಅತ್ತೆಯ ಎದುರಿನಲ್ಲೇ. ಅವನು ಪಾಪ, ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ಕೆಟ್ಟವನಲ್ಲ ಅವನು, ಹೆದರಿದವನು.

"ಹಂಗಾದ್ರ ಮುಚ್ಚೇಬಿಡೂಣ್ರಿ ವೈನಿ. ಅವ್ವ ಬಿದ್ರ?"

"ಬಿದ್ರ ಎತ್ತಾಕ ನಾ ಇರ್ತೇನಿ. ಐತವಾರಕ್ಕೊಮ್ಮೆ ಕರ್ಕೊಂಡು ಬರ್ತೇನಿ, ಬಾಜೂಕ ಕುಂದರ್ತೇನಿ. ಆ ಹಾಸು ಮುಗಿಯೂತನಾ ಈ ಕುಣಿಗೆ ಒಂದ ಬುಟ್ಟಿ ಮಣ್ಣ ಬಿದ್ರೂ ನಾ ಸುಮ್ನ ಬಿಡಾಕಿ ಅಲ್ಲ ನೋಡಪಾ."

ನನ್ನ ದನಿಯ ಅಳತೆ ಅವನಿಗೆ ಗೊತ್ತು. ಮಣ್ಣಿನ ಗುಂಪಿಯನ್ನು ಹಿತ್ತಲಿಗೆ ಹಾಕಿಸಿದ. ಕುಣಿಗೆ ಇಳಿಯಲು ಹಿಡಿದುಕೊಳ್ಳುವಂತೆ ಪಕ್ಕದ ಕಂಬಕ್ಕೆ ಒಂದು ಹಗ್ಗವನ್ನೂ ಕಟ್ಟಿಕೊಟ್ಟ.

ಈಗ ನಾಲ್ಕು ತಿಂಗಳಾಯಿತು. ವಾರವೆಲ್ಲ ಅತ್ತೆ ನವನಗರದಲ್ಲಿ ನನ್ನ ಜೊತೆ. ಬಳ್ಳಿಯ ಹೊಸ ಕುಡಿಗಳು ತಾವಾಗಿಯೇ ತಂತಿ ಹಿಡಿದಿವೆ, ಹೂವಿನ ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಐತವಾರ ಬೆಳಗಿನ ಬಸ್ಸಿಗೆ ಇಬ್ಬರೂ ಗುಳೇದಗುಡ್ಡಕ್ಕೆ. ಅವರು ಹಗ್ಗ ಹಿಡಿದು ಕುಣಿಗಿಳಿಯುತ್ತಾರೆ, ನಾನು ಮಗ್ಗದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತೇನೆ. ಲಾಳಿ ಅತ್ತಿತ್ತ ಓಡುತ್ತದೆ. ಎಳೆ ಹರಿದದ್ದನ್ನು ಹುಡುಕುವುದು ನನ್ನ ಕೆಲಸ, ಕೂಡಿಸುವುದು ಅವರದು. ಈ ವೇಗದಲ್ಲಿ ಆ ಅರ್ಧ ಹಾಸು ಮುಗಿಯಬೇಕಾದರೆ ಇನ್ನೂ ಎಷ್ಟು ಐತವಾರ ಬೇಕೋ ಗೊತ್ತಿಲ್ಲ. ಮುಗಿದ ಮೇಲೆ ಇನ್ನೊಂದು ಹಾಸು ಕೂಡಿಸುವ ವಿಚಾರ ಅತ್ತೆಯ ತಲೆಯಲ್ಲಿದೆ ಎಂಬುದು ನನಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇದ್ದೇನೆ.

ಹೋದ ಐತವಾರ ಮೂರು ಎಳೆ ಒಟ್ಟಿಗೆ ಹರಿದು, ನಾನು ಹೇಳಿದರೂ ಅತ್ತೆ ಕೇಳಿಸಿಕೊಳ್ಳದೆ ಎರಡು ಬೆರಳಗಲ ಮುಂದೆ ನೇಯ್ದುಬಿಟ್ಟರು. "ನಿಂದರ್ರಿ! ನಿಂದರ್ರಿ ಅಂದ್ರ ಕಿವಿನೂ ಕೇಳಂಗಿಲ್ಲೇನ್ರಿ? ಎಲ್ಲಾ ಕೆಡಿಸಿದ್ರಿ, ಬಿಚ್ಚ್ರಿ ಈಗ!" ಎಂದು ನಾನು ಒದರಿದ್ದು ಓಣಿಗೆಲ್ಲ ಕೇಳಿತು. ನೀರಿಗೆ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. ಕುಣಿಯಲ್ಲಿ ಕೂತ ಕುರುಡಿ ಅತ್ತೆ, ಮೇಲೆ ನಿಂತು ಬೈಯುವ ಮಾಸ್ತರಿಣಿ ಸೊಸೆ. ಅವರ ಕಣ್ಣು ನನ್ನನ್ನು ಸುಟ್ಟವು. ಒಬ್ಬಾಕೆ ತಡೆಯಲಾರದೆ, "ಏನವಾ ಆಯೀ, ನಿನ್ನ ಸೊಸಿ ಹಿಂಗ ಬೈತಾಳ, ಹೆಂಗ ಸುಮ್ನ ಕುಂತಿ?" ಎಂದು ಕೇಳಿಯೇಬಿಟ್ಟಳು.

ಅತ್ತೆ ತಲೆ ಎತ್ತಲಿಲ್ಲ. ತಪ್ಪಿದ ಎರಡು ಬೆರಳು ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚುತ್ತಲೇ ಹೇಳಿದರು:

"ಬೈಲಿ ಬಿಡ ತಂಗಿ. ಆಕಿ ಸುಮ್ನಾದ ದಿನ ನಾ ಮಗ್ಗ ಬಿಡ್ತೇನಿ."